ಚಳಿಗೆ ಮುನಿಯುವ ಕಾರು

ನರಗುಂದದಿಂದ ಹುಬ್ಬಳ್ಳಿಗೆ ಹೋಗುವ ದಾರಿ ಎರೆಹೊಲಗಳ ನಡುವೆ ಸಾಗುತ್ತದೆ. 1979ರ ಡಿಸೆಂಬರ್ ತಿಂಗಳ ಒಂದು ಮುಂಜಾವಿನಲ್ಲಿ, ಹೆರಿಗೆಯ ನೋವಿನಿಂದ ರಾತ್ರಿಯಿಡೀ ಬಳಲಿದ್ದ ನನ್ನ ಅಕ್ಕನನ್ನು ಆ ದಾರಿಯಲ್ಲಿ ಒಯ್ಯಬೇಕಾಗಿತ್ತು. ನರಗುಂದಕ್ಕೆ ರೈಲಿಲ್ಲ; ಮೊದಲ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಾಡಿಗೆಯ ಅಂಬಾಸಿಡರ್ ಕಾರು ರಾತ್ರಿಯೇ ಬಂದು ಬಾಗಿಲಲ್ಲಿ ನಿಂತಿತ್ತು. ಚಾಲಕ ಕೀಲಿ ತಿರುವಿದ. ಯಂತ್ರ ಒಮ್ಮೆ ನರಳಿ ಸುಮ್ಮನಾಯಿತು.

“ಚಳಿರಿ, ಸಾಹೇಬ್ರ” ಎಂದ ಆ ಹುಡುಗ.

ನೆರೆಮನೆಯ ಹಿರಿಯರೊಬ್ಬರು ಲಾರಿ ನಡೆಸಿ ತಲೆ ನರೆತವರು. ಬಾನೆಟ್ ಎತ್ತಿಸಿ, ಬ್ಯಾಟರಿಯ ಬಿರಡೆ ಬಿಚ್ಚಿ, ಲಾಟೀನು ಹಿಡಿಯದೆ ದೂರದಿಂದಲೇ ಟಾರ್ಚಿನ ಬೆಳಕು ಬಿಟ್ಟು ನೋಡಿದರು. ಒಳಗಿನ ಸೀಸದ ಫಲಕಗಳು ನೀರಿಲ್ಲದೆ ಮೇಲೆದ್ದು ಕಾಣುತ್ತಿದ್ದವು. “ಬ್ಯಾಸಿಗ್ಯಾಗ ನೀರು ಹಾಕಿಲ್ಲ ತಮ್ಮಾ, ಈಗ ತಪ್ಪು ಚಳಿ ಮ್ಯಾಲೆ ಹಾಕ್ತಿ” ಎಂದರು.

ಅವರು ಹ್ಯಾಂಡಲ್ ತರಿಸಿದರು. ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ಎರಡು ಸಲ ಕೇಳಿದರು. ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು ಹಿಡಿದು, ಕೆಳಗಿನಿಂದ ಮೇಲಕ್ಕೆ ಒಮ್ಮೆಲೇ ಎಳೆದರು. ಹೆಬ್ಬೆರಳು ಹಿಡಿಯನ್ನು ಸುತ್ತಿದ್ದರೆ, ಯಂತ್ರ ಹಿಂದಕ್ಕೆ ಒದ್ದಾಗ ಮುರಿಯುವುದು ಅದೇ. ಮೂರನೆಯ ಎಳೆತಕ್ಕೆ ಕಾರು ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು.

ಆ ಹ್ಯಾಂಡಲಿಗೂ ಒಂದು ಚರಿತ್ರೆಯುಂಟು. ಮೋಟಾರಿನ ಮೊದಲ ದಿನಗಳಲ್ಲಿ ಅದನ್ನು ಎಬ್ಬಿಸುತ್ತಿದ್ದುದು ಮನುಷ್ಯನ ತೋಳು. ಹಿಂದೊದೆತಕ್ಕೆ ಕೈ ಮುರಿದುಕೊಂಡವರು ಬಹಳ ಮಂದಿ. ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಸೀಸದ ಬ್ಯಾಟರಿಯನ್ನು ನಿರ್ಮಿಸಿದ್ದು 1859ರಲ್ಲಿ. ಅದರ ಬಲದಿಂದ ಯಂತ್ರವನ್ನು ತಿರುಗಿಸುವ ವಿದ್ಯುತ್ ಸ್ಟಾರ್ಟರನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂದಿತು. ತೋಳಿನ ಕೆಲಸ ಗುಂಡಿಗೆ ಒಲಿಯಿತು. ಆದರೂ 1957ರಲ್ಲಿ ನಮ್ಮಲ್ಲಿ ಹುಟ್ಟಿದ ಅಂಬಾಸಿಡರ್, ಹ್ಯಾಂಡಲನ್ನು ಕೂಡಲೇ ಕೈಬಿಡಲಿಲ್ಲ. ಹೊಸದನ್ನು ನಂಬಿದರೂ ಹಳೆಯದನ್ನು ಡಿಕ್ಕಿಯಲ್ಲಿಟ್ಟುಕೊಳ್ಳುವ ವಿವೇಕ ಅದು.

ಚಳಿ ಯಂತ್ರಕ್ಕೆ ಮೂರು ಬಗೆಯಲ್ಲಿ ತೊಡಕಾಗುತ್ತದೆ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ. ಎಣ್ಣೆ ಗಟ್ಟಿಯಾಗಿ ಯಂತ್ರ ಭಾರವಾಗುತ್ತದೆ. ಪೆಟ್ರೋಲು ಸುಲಭವಾಗಿ ಆವಿಯಾಗುವುದಿಲ್ಲ. ಈ ಕೊನೆಯ ಕೊರತೆಗೇ ಚೋಕ್ ಇದ್ದದ್ದು: ಗಾಳಿಯನ್ನು ತಡೆದು ಪೆಟ್ರೋಲಿನ ಪಾಲನ್ನು ಹೆಚ್ಚಿಸುವುದು. ಈಗಿನ ಕಾರುಗಳಲ್ಲಿ ಆ ಗುಂಡಿಯಿಲ್ಲ. ಯಂತ್ರದ ತಾಪವನ್ನು ಅಳೆಯುವ ಸಂವೇದಕ ಹೇಳಿದಷ್ಟು ಪೆಟ್ರೋಲನ್ನು ಇಂಜೆಕ್ಟರು ಚಿಮ್ಮಿಸುತ್ತದೆ.

ಆ ಹಿರಿಯರು ನನಗೆ ಕಲಿಸಿದ್ದು ಮೊದಲು ದನಿ ಕೇಳುವುದನ್ನು. ಟಕ್ ಟಕ್ ಎಂದಷ್ಟೇ ಸದ್ದಾದರೆ, ಅಥವಾ ಯಂತ್ರ ಎಳೆದೆಳೆದು ತಿರುಗಿದರೆ, ಬ್ಯಾಟರಿಯನ್ನೂ ಅದರ ತುದಿಗಳಲ್ಲಿ ಕಟ್ಟಿದ ಬಿಳಿ ಕಿಲುಬನ್ನೂ ನೋಡಬೇಕು. ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲಿನಲ್ಲೋ ಕಿಡಿಯಲ್ಲೋ ದೋಷ. ಹೊತ್ತಿಕೊಂಡು ಕೂಡಲೇ ಆರಿದರೆ ಗಾಳಿ-ಪೆಟ್ರೋಲುಗಳ ಹದ ತಪ್ಪಿದೆ. ಇಂದು ಇದರೊಡನೆ ಒಂದು ಮೀಟರೂ ನೆರವಿಗುಂಟು. ರಾತ್ರಿ ವಿಶ್ರಮಿಸಿದ ಆರೋಗ್ಯವಂತ ಬ್ಯಾಟರಿ 12.6 ವೋಲ್ಟ್ ತೋರುತ್ತದೆ, 12.2ಕ್ಕೆ ಇಳಿದಿದ್ದರೆ ಅದರ ಶಕ್ತಿ ಅರ್ಧ ಮಾತ್ರ ಉಳಿದಿದೆಯೆಂದು ತಿಳಿಯಬೇಕು.

ಆದರೆ ಆ ಮುಂಜಾವಿನ ನಿಜವಾದ ಪಾಠ ಬೇರೆ. ರೋಣ, ನರಗುಂದ, ಗಜೇಂದ್ರಗಡಗಳ ಚಳಿ ಎಷ್ಟರದು? ಮುಂಜಾನೆ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿದೀತು. ನೀರು ಹೆಪ್ಪುಗಟ್ಟುವ ನಾಡುಗಳಲ್ಲಿಯೂ ಕಾರುಗಳು ಏಳುತ್ತವೆ. ನಮ್ಮಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಚಳಿಯಲ್ಲ, ಬೇಸಿಗೆ. ಏಪ್ರಿಲ್–ಮೇ ತಿಂಗಳ ಕಾವಿನಲ್ಲಿ ಅದರ ನೀರು ಆರುತ್ತದೆ, ಫಲಕಗಳು ಸವೆಯುತ್ತವೆ. ಬಿಸಿಯ ದಿನಗಳಲ್ಲಿ ಯಂತ್ರ ಹಗುರಾಗಿ ತಿರುಗುವುದರಿಂದ ಆ ನಷ್ಟ ಕಾಣುವುದಿಲ್ಲ. ಬೇಸಿಗೆ ಮಾಡಿದ ಸಾಲವನ್ನು ಮಾಗಿಯ ಮುಂಜಾವು ವಸೂಲು ಮಾಡುತ್ತದೆ.

ಈಗಿನ ಹಲವು ಬ್ಯಾಟರಿಗಳು ನೀರು ಬೇಡುವುದಿಲ್ಲ. ಕಾರುಗಳು ಹ್ಯಾಂಡಲಿಗೆ ಎಡೆಗೊಡುವುದಿಲ್ಲ. ಆದ್ದರಿಂದಲೇ ಮುನ್ನೆಚ್ಚರಿಕೆಯ ಬೆಲೆ ಹೆಚ್ಚಿದೆ. ಬೇಸಿಗೆ ಕಳೆದ ಮೇಲೆ, ಚಳಿ ಬರುವ ಮೊದಲೇ, ದೀಪಾವಳಿಯ ವಾಹನಪೂಜೆಯ ದಿನವಾದರೂ ಬ್ಯಾಟರಿಯನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಯಾರ ಮನೆಯ ಅಕ್ಕ ಯಾವ ಮುಂಜಾವಿನಲ್ಲಿ ಕಾರಿಗಾಗಿ ಕಾದಿರುತ್ತಾಳೋ, ಬಲ್ಲವರಾರು?