ದಾಸೋಜ, ಮಲ್ಲೋಜ, ಕೇದಾರೋಜ

ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರನ್ನು ನೋಡಲು ಎಲ್ಲರೂ ತಲೆ ಎತ್ತುತ್ತಾರೆ. ಪೀಠದಲ್ಲಿ ಕೊರೆದ ಅಕ್ಷರಗಳನ್ನು ಓದುವವರು ಕಡಿಮೆ. ಒಟ್ಟು 42 ಮದನಿಕೆಯರಲ್ಲಿ ನಾಲ್ವರನ್ನು ಕಂಡರಿಸಿದವನು ಬಳ್ಳಿಗಾವೆಯ ದಾಸೋಜ, ಐವರನ್ನು ಕಂಡರಿಸಿದವನು ಅವನ ಮಗ ಚಾವಣ. ಅದೇ ಗುಡಿಯಲ್ಲಿ ಮಲ್ಲೋಜನಿದ್ದಾನೆ, ನಾಗೋಜನಿದ್ದಾನೆ. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಹೋದರೆ ಕೇದಾರೋಜ, ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇಗುಲಕ್ಕೆ ಹೋದರೆ ಬೈಚೋಜ. ಊರು ಬೇರೆ, ಕಾಲ ಬೇರೆ, ಹೆಸರಿನ ಬಾಲ ಮಾತ್ರ ಒಂದೇ: ಓಜ. ಹಾಗಾದರೆ ಇವರೆಲ್ಲ ಒಂದೇ ಮನೆತನದವರೇ?

ಮೊದಲು ಪದವನ್ನೇ ಕೇಳೋಣ. ಓಜ ಎಂದೊಡನೆ ನಮಗೆ ಓಜಸ್ಸು ನೆನಪಾಗುತ್ತದೆ. ಆದರೆ ಕಾಂತಿ, ಕಸುವು ಎಂಬ ಅರ್ಥದ ಆ ಸಂಸ್ಕೃತ ಪದಕ್ಕೂ ಈ ಓಜನಿಗೂ ಸಂಬಂಧವಿಲ್ಲ. ಓಜನ ತವರು ‘ಉಪಾಧ್ಯಾಯ’. ಪ್ರಾಕೃತದ ಬಾಯಲ್ಲಿ ಅದು ‘ಉವಜ್ಝಾಯ’ವಾಯಿತು, ‘ಓಜ್ಝಾಯ’ವಾಯಿತು. ಉತ್ತರಕ್ಕೆ ಹೋದದ್ದು ಓಝಾ, ಝಾ ಎಂಬ ಅಡ್ಡಹೆಸರಾಯಿತು. ಕ್ರಿಕೆಟಿಗ ಪ್ರಜ್ಞಾನ್ ಓಝಾ ಅವರ ಹೆಸರಲ್ಲಿರುವುದು ಇದೇ ಪದ. ಬಂಗಾಳದಲ್ಲಿ ಅದು ಸವೆಯದೆ ಮುಖೋಪಾಧ್ಯಾಯ, ಬಂದ್ಯೋಪಾಧ್ಯಾಯಗಳಲ್ಲಿ ಇಡಿಯಾಗಿ ಕೂತಿದೆ. ತೆಲುಗಿನಲ್ಲಿ ಮೇಷ್ಟ್ರಿಗೆ ‘ಒಜ್ಜ’ ಎಂದರು, ಅಲ್ಲಿನ ವಿಶ್ವಕರ್ಮರ ಹಲವು ಮನೆಹೆಸರುಗಳು ಇಂದಿಗೂ ‘ಓಜು’ ಎಂದು ಕೊನೆಯಾಗುತ್ತವೆ. ಹಳಗನ್ನಡದಲ್ಲಿ ಓಜನೆಂದರೆ ಗುರು. ಕಲ್ಲು, ಮರ, ಲೋಹಗಳ ಕೆಲಸ ಬಲ್ಲವನೂ ಓಜನೇ.

ಈ ಪದ ಕನ್ನಡದ್ದೇ ಆಗಿಹೋಗಿತ್ತು ಎನ್ನಲು ವ್ಯಾಕರಣವೂ ಸಾಕ್ಷಿ ಹೇಳುತ್ತದೆ. ಸಂಸ್ಕೃತದ ಸಂಧಿ ನಡೆದಿದ್ದರೆ ಮಹಾ ಮತ್ತು ಓಷಧಿ ಸೇರಿ ಮಹೌಷಧಿಯಾದಂತೆ, ದಾಸ ಮತ್ತು ಓಜ ಸೇರಿ ದಾಸೌಜ ಆಗಬೇಕಿತ್ತು. ಆದದ್ದು ದಾಸೋಜ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವ ಕನ್ನಡದ ಲೋಪಸಂಧಿಯೇ ಇಲ್ಲೂ ನಡೆದಿದೆ. ಶಿಲ್ಪಿಗಳ ಹೆಸರನ್ನು ಕಟ್ಟಿದ್ದು ಮನೆಮಾತು.

ಪದ ಸವೆಯುತ್ತಿದ್ದ ಹೊತ್ತಿನ ರೂಪವೊಂದು ಪಟ್ಟದಕಲ್ಲಿನಲ್ಲಿ ಸಿಗುತ್ತದೆ. ಎಂಟನೆಯ ಶತಮಾನದ ಪಾಪನಾಥ ದೇಗುಲದ ತೆಂಕಣ ಭಾಗವನ್ನು ಮಾಡಿದವನು ರೇವಡಿ ಓವಜ್ಜ ಎಂದು ಅಲ್ಲಿನ ಶಾಸನ ಹೇಳುತ್ತದೆ. ಅವನು ಸರ್ವಸಿದ್ಧಿ ಆಚಾರಿಗಳ ಪರಂಪರೆಯವನು. ಉಪಾಧ್ಯಾಯನಿಂದ ಓಜನಿಗೆ ಬರುವ ಹಾದಿಯಲ್ಲಿ ‘ಓವಜ್ಜ’ ನಡುವಿನ ತಂಗುದಾಣ. ಅದೇ ಊರಿನ ವಿರೂಪಾಕ್ಷ ದೇಗುಲವನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದಳು, ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅವನಿಗೆ ಸಿಕ್ಕ ಬಿರುದು ತ್ರಿಭುವನಾಚಾರಿ. ಒಬ್ಬ ಉಪಾಧ್ಯಾಯ, ಇನ್ನೊಬ್ಬ ಆಚಾರ್ಯ. ಎರಡೂ ಕಲಿಸುವವನ ಹೆಸರುಗಳೇ. ನಮ್ಮ ನಾಡು ಕೈಕೆಲಸದವನನ್ನು ಕರೆಯಲು ಪಾಠ ಹೇಳುವವನ ಪದವನ್ನೇ ಆರಿಸಿಕೊಂಡಿತು. ಇದನ್ನು ನಾನು ತುಂಬ ದೊಡ್ಡ ಮಾತೆಂದು ತಿಳಿದಿದ್ದೇನೆ. ಉಳಿ ಹಿಡಿಯುವುದೂ ಒಂದು ವಿದ್ಯೆ, ಅದನ್ನು ಹೇಳಿಕೊಡುವವನೂ ಗುರುವೇ ಎಂಬ ಒಪ್ಪಿಗೆ ಈ ಎರಡಕ್ಷರದಲ್ಲಿದೆ.

ಇನ್ನು ಮನೆತನದ ಪ್ರಶ್ನೆ. ಕೈಕೆಲಸದವರು ಎಲ್ಲೆಲ್ಲಿ ತಮ್ಮ ಹೆಸರು ಕೊರೆದಿದ್ದಾರೋ ಅಲ್ಲೆಲ್ಲ ಈ ಪ್ರಶ್ನೆ ಏಳುತ್ತದೆ. ಜರ್ಮನಿಯ ಹಳೆಯ ಕೋವಿಗಳ ಮೇಲಿನ ಹೆಸರು ಹಿಡಿದು ಮಾಡಿದವನನ್ನು ಹುಡುಕುವವರಿಗೂ ಇದೇ ತೊಡಕು. ಮೌಸರ್ ಎಂದರೆ ಯಾವ ಮೌಸರ್? ಓಬರ್ನ್‌ಡಾರ್ಫ್ ಊರಿನ ವಿಲ್ಹೆಲ್ಮ್ ಮತ್ತು ಪೌಲ್ ಅಣ್ಣತಮ್ಮಂದಿರು, ಅವರ ತಂದೆಯೂ ಕೋವಿ ಮಾಡುವವನೇ. ರೇಗೆನ್ಸ್‌ಬುರ್ಗ್ ಕಡೆಯ ಕೂಹೆನ್‌ರಾಯ್ಟರ್ ಮನೆತನದಲ್ಲಿ ಹಲವು ತಲೆಮಾರು ಪಿಸ್ತೂಲು ಮಾಡಿದವು. ಅಡ್ಡಹೆಸರು ಶ್ಮಿಟ್ ಎಂದಿದ್ದರಂತೂ ಹುಡುಕುವುದು ಇನ್ನೂ ಕಷ್ಟ. ಶ್ಮಿಟ್ ಎಂದರೆ ಕಮ್ಮಾರ, ಆ ನಾಡಿನ ಊರೂರಿನಲ್ಲೂ ಶ್ಮಿಟ್ ಇದ್ದಾರೆ. ನಮ್ಮ ಬೆಳಗಾವಿ ಸೀಮೆಯಲ್ಲಿ ಅದೇ ಪದ ಕಂಬಾರ. ಜ್ಞಾನಪೀಠ ಪಡೆದ ಘೋಡಗೇರಿಯ ಚಂದ್ರಶೇಖರ ಕಂಬಾರರ ಹೆಸರಿನಲ್ಲಿರುವುದು ಕುಲುಮೆಯ ಕೆಲಸವೇ. ಬಡಿಗೇರ, ಪತ್ತಾರ, ಅರ್ಕಸಾಲಿ ಎಲ್ಲವೂ ಹಾಗೆ ಕಸುಬಿನಿಂದ ಬಂದ ಅಡ್ಡಹೆಸರುಗಳು.

ಆದರೆ ಓಜ ಹೀಗೆ ತಂದೆಯಿಂದ ಮಗನಿಗೆ ತಾನಾಗಿ ಬರುವ ಅಡ್ಡಹೆಸರಲ್ಲ ಎನ್ನಲು ಬೇಲೂರೇ ಸಾಕ್ಷಿ. ತಂದೆ ದಾಸೋಜ, ಮಗ ಚಾವಣ. ಮಗನ ಕೈ ತಂದೆಯ ಕೈಗೆ ಸರಿಸಮ, ಆದರೂ ಅವನ ಹೆಸರಿನ ಕೊನೆಗೆ ಓಜನಿಲ್ಲ. ಆದ್ದರಿಂದ ಮಲ್ಲೋಜನನ್ನೂ ನಾಗೋಜನನ್ನೂ ಕಂಡು ‘ಇವರು ದಾಸೋಜನ ದಾಯಾದಿಗಳು’ ಎಂದರೆ ತಪ್ಪಾಗುತ್ತದೆ. ಅವರು ಹಂಚಿಕೊಂಡದ್ದು ಕಸುಬಿನ ಗೌರವವನ್ನು.

ಹೆಸರು ಪೂರ್ತಿಯಾಗಿ ಒಂದೇ ಆಗಿದ್ದರೂ ಎಚ್ಚರ ಬೇಕು. ರೂವಾರಿ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲಿದೆ. 1246ರ ನುಗ್ಗೇಹಳ್ಳಿಯಲ್ಲಿ ದಕ್ಷಿಣದ ಗೋಡೆ ನಂದಿಯ ಬೈಚೋಜನದು, ಉತ್ತರದ ಗೋಡೆ ಮಲ್ಲಿತಮ್ಮನದು. 1258ರ ಸೋಮನಾಥಪುರದಲ್ಲೂ ಮಲ್ಲಿತಮ್ಮನ ರುಜುವಿದೆ. ಅಮೃತಾಪುರದಿಂದ ಸೋಮನಾಥಪುರಕ್ಕೆ 62 ವರ್ಷ. ಎಳವೆಯಲ್ಲೇ ಉಳಿ ಹಿಡಿದ ಒಬ್ಬನೇ ಇಷ್ಟು ಕಾಲ ದುಡಿದಿರಬಹುದು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಾಡಿನಲ್ಲಿ ಇಬ್ಬರು ಮಲ್ಲಿತಮ್ಮರು ಇದ್ದಿರಲೂಬಹುದು. ಇಲ್ಲಿ ಹೆಸರೊಂದನ್ನೇ ನಂಬಿದರೆ ಸಾಲದು. ಮೂಗಿನ ಗೆರೆ, ಒಡವೆಯ ಕೊರೆತ, ಬಳ್ಳಿಯ ತಿರುವುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕೈಯ ಗುರುತೇ ಕೊನೆಯ ರುಜು.

ಹೆಸರಿನ ಜೊತೆ ಊರು ಮತ್ತು ವರ್ಷ ಇದ್ದರೆ ಕೆಲಸ ಹಗುರ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ಮಾಡಿದ ಕೋವಿಯೊಂದರ ಮೇಲೆ ಅಸದ್ ಖಾನ್ ಮೊಹಮ್ಮದ್ ಎಂಬ ಕುಶಲಿಯ ಹೆಸರಿದೆ, ಜೊತೆಗೆ ಟಿಪ್ಪು ಬಳಸಿದ ಮೌಲೂದಿ ಪಂಚಾಂಗದ, 1793-94ಕ್ಕೆ ಹೊಂದುವ ವರ್ಷವಿದೆ. ಅಸದ್ ಎಂಬ ಹೆಸರಿನವರು, ಖಾನ್ ಎಂಬ ಹೆಸರಿನವರು ಎಷ್ಟೋ ಜನ. ಆ ವರ್ಷ, ಆ ಪಟ್ಟಣದಲ್ಲಿ, ಆ ನಳಿಗೆಯ ಮುಂದೆ ಕೂತಿದ್ದವನು ಒಬ್ಬನೇ. ಬಳ್ಳಿಗಾವೆಯ ದಾಸೋಜ, ನಂದಿಯ ಬೈಚೋಜ ಎಂದು ಹೊಯ್ಸಳ ಶಿಲ್ಪಿಗಳು ಹೆಸರಿಗೆ ಊರು ಅಂಟಿಸಿದ್ದೂ ಇದೇ ಕೆಲಸ ಮಾಡುತ್ತದೆ. ಕಸುಬಿನ ಗೌರವವೂ ಬೇಕು, ತನ್ನದೇ ಗುರುತೂ ಬೇಕು ಎಂಬ ಎರಡೂ ಆಸೆಗಳು ಆ ಬರವಣಿಗೆಯಲ್ಲಿವೆ.

ಮುಂದೆ ಓಜ ನಮ್ಮ ಆಡುಮಾತಿನಿಂದ ಜಾರಿತು, ಆಚಾರಿ ಉಳಿದ. ಹಳೆ ಮೈಸೂರಿನ ಕಡೆ ಬಾಗಿಲು ಕಚ್ಚಿಕೊಂಡರೆ ಆಚಾರ್ರಿಗೆ ಹೇಳುತ್ತೇವೆ, ಓಲೆಯ ತಿರುಪು ಕಳೆದರೂ ಆಚಾರ್ರ ಬಳಿಗೇ ಹೋಗುತ್ತೇವೆ. ಬೆಂಗಳೂರಿನ ನಮ್ಮ ಬಾಪೂಜಿ ನಗರದಲ್ಲಿ ಮೈಸೂರು ರಸ್ತೆಯ ಬಸ್ಸುಗಳ ಸದ್ದಿನ ನಡುವೆಯೂ ‘ಆಚಾರ್ರೇ, ಇದೊಂಚೂರು ನೋಡಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಆ ‘ರೇ’ ಎಂಬ ಬಹುವಚನದಲ್ಲಿ ಗುರುವಿಗೆ ಸಲ್ಲುವ ಮರ್ಯಾದೆ ಇನ್ನೂ ಸ್ವಲ್ಪ ಉಳಿದಿದೆ. ಹೆಚ್ಚಿನ ಗಿರಾಕಿಗಳಿಗೆ ಆಚಾರ್ರ ಸ್ವಂತ ಹೆಸರು ಮಾತ್ರ ಗೊತ್ತಿರುವುದಿಲ್ಲ.

ಕಲ್ಲಿನ ಮೇಲೆ ಹೆಸರು ಕೊರೆದವರಿಗೂ ಇದೇ ಆಯಿತು. ಹೊಯ್ಸಳರ ಗುಡಿ ಎಂದ ಕೂಡಲೇ ಜನ ಹೇಳುವುದು ಜಕಣಾಚಾರಿಯ ಹೆಸರು. ಮಗ ಡಂಕಣನ ಕಥೆ, ವಿಗ್ರಹದೊಳಗಿನ ಕಪ್ಪೆಯ ಕಥೆ, ತುಮಕೂರಿನ ಹತ್ತಿರದ ಕೈದಾಳದಲ್ಲಿ ಕಳೆದ ಕೈ ಮರಳಿದ ಕಥೆ ನನಗೂ ಪ್ರೀತಿಯವು. ಜನ ತಮ್ಮ ಮೆಚ್ಚುಗೆಯನ್ನೆಲ್ಲ ಒಬ್ಬನ ಹೆಸರಿಗೆ ಹೊರಿಸಿ ಕಾಪಾಡಿಕೊಂಡ ಬಗೆ ಅದು. ಆದರೆ ಆ ಒಂದು ಹೆಸರಿನ ನೆರಳಲ್ಲಿ ರುಜು ಹಾಕಿದ ಹತ್ತಾರು ಜನ ಮರೆಯಾದರು. ಕಥೆಯ ಜಕಣಾಚಾರಿ ಇರಲಿ, ಅವನ ಪಕ್ಕದಲ್ಲಿ ಶಾಸನದ ದಾಸೋಜನಿಗೂ ಜಾಗ ಬೇಕು.

1117ರಲ್ಲಿ ವಿಷ್ಣುವರ್ಧನ ಬೇಲೂರಿನ ದೇವರನ್ನು ಪ್ರತಿಷ್ಠಾಪಿಸಿದನೆಂದು ಶಾಲೆಯ ಮಕ್ಕಳು ಉರು ಹೊಡೆಯುತ್ತಾರೆ. ಅದೇ ಸಾಲಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳನ್ನೂ ಸೇರಿಸಿದರೆ ಪಾಠ ಅರ್ಧ ಸಾಲು ಉದ್ದವಾಗುತ್ತದೆ, ಅಷ್ಟೇ. ಹೇಳುವಾಗ ಮೇಷ್ಟ್ರು ಓಜ ಎಂದರೆ ಮೇಷ್ಟ್ರೇ ಎಂಬುದನ್ನೂ ಹೇಳಲಿ. ತರಗತಿಯಲ್ಲಿ ಕೂತಿರುವ ಬಡಗಿಯ ಮಗಳಿಗೆ, ವೆಲ್ಡಿಂಗ್ ಮಾಡುವವನ ಮಗನಿಗೆ ಮನೆಯ ಕಸುಬನ್ನು ತಲೆ ಎತ್ತಿ ಹೇಳಿಕೊಳ್ಳಲು ಒಂಬೈನೂರು ವರ್ಷದ ಆಧಾರ ಅಲ್ಲಿದೆ.