ಬೆಲೆದ್ ಹಾವೊ ಮತ್ತು ಮಂಡೇರಾ: ಗಡಿ ಜಿಲ್ಲೆಯೊಂದರ ಜನಸಂಖ್ಯೆಯ ಪ್ರಶ್ನೆ

ಕೀನ್ಯಾದ 1999ರ ಜನಗಣತಿಯಲ್ಲಿ ಮಂಡೇರಾ ಜಿಲ್ಲೆಯ ಜನಸಂಖ್ಯೆ 2,50,372. ಅದೇ ಪ್ರದೇಶಕ್ಕೆ 2009ರ ಗಣತಿ ಕೊಟ್ಟ ಸಂಖ್ಯೆ 10,25,756. ಹತ್ತೇ ವರ್ಷದಲ್ಲಿ ನಾಲ್ಕು ಪಟ್ಟು. ಮಂಡೇರಾ ಪಟ್ಟಣದಿಂದ ನಡೆದೇ ತಲುಪಬಹುದಾದಷ್ಟು ಹತ್ತಿರದಲ್ಲಿ, ಗಡಿಯ ಆಚೆ, ಸೊಮಾಲಿಯಾದ ಗೆಡೊ ಪ್ರಾಂತ್ಯಕ್ಕೆ ಸೇರಿದ ಬೆಲೆದ್ ಹಾವೊ ಇದೆ. ಏರಿಕೆಗೆ ಕಾರಣ ಹುಡುಕಿದವರಲ್ಲಿ ಕೆಲವರು ಬೆರಳು ಮಾಡಿದ್ದು ಅತ್ತ ಕಡೆಗೇ: ಸೊಮಾಲಿಯಾದಿಂದ ಗಡಿ ದಾಟಿ ಬಂದವರು ಕೀನ್ಯಾದ ಲೆಕ್ಕದಲ್ಲಿ ಸೇರಿಹೋದರು ಎಂದು. ಉಳಿದವರು ಲೆಕ್ಕವೇ ಸುಳ್ಳು ಎಂದರು. ಎರಡೂ ಮಾತು ಹುಟ್ಟಿದ್ದು ಗಡಿಯ ಒಂದೇ ಬದಿಯ ಅಂಕಿಗಳಿಂದ. ಗೆಡೊ ಪ್ರಾಂತ್ಯದ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಮೊದಲನೆಯ ವಿವರಣೆ ನಿಲ್ಲುವುದಿಲ್ಲ, ಎರಡನೆಯದು ಅರ್ಧ ಮಾತ್ರ ನಿಲ್ಲುತ್ತದೆ ಎಂಬುದು ಈ ಲೇಖನದ ವಾದ.

ಬೆಲೆದ್ ಹಾವೊ ಇರುವುದು ಸೊಮಾಲಿಯಾ, ಕೀನ್ಯಾ, ಇಥಿಯೋಪಿಯ ಮೂರೂ ದೇಶಗಳು ಕೂಡುವ ಮೂಲೆಯಲ್ಲಿ. ಉತ್ತರಕ್ಕೆ ದಾವಾ ನದಿ, ಅದರ ಆಚೆ ದಡದಲ್ಲಿ ಇಥಿಯೋಪಿಯದ ಸುಫ್ತು. ದಾವಾ ನದಿ ಪೂರ್ವಕ್ಕೆ ಹರಿದು ದೊಲೊ ಊರಿನ ಬಳಿ ಗೆನಾಲೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದರ ಹೆಸರು ಜುಬಾ. ಮಳೆಗಾಲ ಎರಡು: ಏಪ್ರಿಲ್‌ನಿಂದ ಜೂನ್‌ವರೆಗಿನ 'ಗು', ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ 'ದೆಯ್ರ್'. ನಡುವೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ 'ಹಗಾ', ಜನವರಿಯಿಂದ ಮಾರ್ಚ್‌ವರೆಗೆ ಕಡುಬೇಸಿಗೆಯಾದ 'ಜಿಲಾಲ್'. ಜಿಲಾಲ್‌ನಲ್ಲಿ ದಾವಾ ಎಷ್ಟೋ ಕಡೆ ಬರಿಯ ಮರಳು. ನದಿಯ ಅಂಚಿನ ಕಿರಿದಾದ ಪಟ್ಟಿಯಲ್ಲಿ ಪಂಪು ಹೂಡಿ ಬೇಸಾಯ ಮಾಡುತ್ತಾರೆ. ಮಿಕ್ಕ ನೆಲವೆಲ್ಲ ಒಂಟೆ, ಮೇಕೆ, ದನಗಳ ಕಾವಲು.

ಕೀನ್ಯಾ ಕಡೆಯ ಗಡಿಗೆರೆ ಹುಟ್ಟಿದ್ದು ಬ್ರಿಟನ್ ಮತ್ತು ಇಟಲಿ 1924ರ ಜುಲೈಯಲ್ಲಿ ಮಾಡಿಕೊಂಡ ಒಪ್ಪಂದದಿಂದ. ಮರುವರ್ಷ ಜುಬಾ ನದಿಯ ಪಶ್ಚಿಮದ ನೆಲ ಇಟಲಿಗೆ ಹೋಯಿತು. ಗೆರೆ ದಾವಾ ನದಿಯ ತಿರುವೊಂದರಿಂದ ಹೊರಟು ನೈಋತ್ಯಕ್ಕೆ ಇಳಿದು, ಮುಂದೆ ಹೆಚ್ಚುಕಡಿಮೆ 41ನೇ ರೇಖಾಂಶದ ಗುಂಟ ಸಮುದ್ರದತ್ತ ಸಾಗುತ್ತದೆ. ನೀರು, ಮೇವು, ಕುಲ ಇವುಗಳಲ್ಲಿ ಯಾವುದನ್ನೂ ಅದು ಅನುಸರಿಸುವುದಿಲ್ಲ. ಇದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲದ ಕಾರಣ ಬೆಳೆಸುವುದಿಲ್ಲ.

ಈಚಿನ ಇತಿಹಾಸದಲ್ಲಿ ಇಲ್ಲಿಗೆ ಬೇಕಾದದ್ದು ಇಷ್ಟು. 1969ರಿಂದ 1991ರವರೆಗೆ ಸೊಮಾಲಿಯಾವನ್ನು ಆಳಿದ ಸಿಯಾದ್ ಬಾರೆ ಮರೆಹಾನ್ ಕುಲದವರು. ಗೆಡೊ ಪ್ರಾಂತ್ಯದಲ್ಲಿ ಆ ಕುಲದ್ದೇ ಬಲ. ಅವರ ಸರ್ಕಾರ ಬಿದ್ದಾಗ ಅವರೂ ಅವರ ಕಡೆಯವರೂ ಗೆಡೊ ಕಡೆಗೆ ಬಂದರು. ಹಾಗೆ ಹೊರಗಿನಿಂದ ಬಂದು ನೆಲೆಸಿದ ಮರೆಹಾನರಿಗೆ 'ಗಲ್ತಿ' ಎಂದೂ ಮೊದಲಿನಿಂದ ಇದ್ದವರಿಗೆ 'ಗುರಿ' ಎಂದೂ ಹೆಸರು. ಮುಂದಿನ ಒಳಜಗಳಗಳಲ್ಲಿ ಈ ಭೇದ ಮತ್ತೆ ಮತ್ತೆ ಕಾಣಿಸಿತು. 1996ರ ಆಗಸ್ಟ್‌ನಲ್ಲಿ ಅಲ್-ಇತಿಹಾದ್ ಎಂಬ ಸಶಸ್ತ್ರ ಇಸ್ಲಾಮಿ ಸಂಘಟನೆಯನ್ನು ಅಟ್ಟಲು ಇಥಿಯೋಪಿಯದ ಸೇನೆ ಲೂಕ್, ದೊಲೊ, ಬೆಲೆದ್ ಹಾವೊಗಳಿಗೆ ನುಗ್ಗಿತು. 2007ರಲ್ಲಿ ಕೀನ್ಯಾ ಗಡಿಯನ್ನು ಅಧಿಕೃತವಾಗಿ ಮುಚ್ಚಿತು. ಉಗ್ರಗಾಮಿ ಸಂಘಟನೆ ಅಲ್-ಶಬಾಬ್‌ನ ಹಿಡಿತದಿಂದ ಬೆಲೆದ್ ಹಾವೊ ತಪ್ಪಿದ್ದು 2011ರಲ್ಲಿ. 2021ರ ಜನವರಿ 25ರಂದು ಸೊಮಾಲಿಯಾದ ಕೇಂದ್ರ ಸರ್ಕಾರದ ಪಡೆಗಳೂ ಜುಬಾಲ್ಯಾಂಡ್ ರಾಜ್ಯದ ಪಡೆಗಳೂ ಇದೇ ಪಟ್ಟಣದಲ್ಲಿ ಕಾದಾಡಿದವು. ಇಂಥ ಕಾಳಗಗಳ ಸಂದರ್ಭದಲ್ಲಿ ಬೆಲೆದ್ ಹಾವೊ ಜನ ಮಂಡೇರಾ ಕಡೆಗೆ ಓಡಿದ್ದಾರೆ, ಗಲಾಟೆ ತಣಿದ ಮೇಲೆ ಹಲವರು ಹಿಂತಿರುಗಿದ್ದಾರೆ. ವಲಸೆಯ ವಿವರಣೆ ಸಹಜವಾಗಿ ತೋರುವುದಕ್ಕೆ ಇದೇ ಕಾರಣ.

ಪೂರ್ವಸೂರಿಗಳ ಕೆಲಸದಲ್ಲಿ ಐ.ಎಂ. ಲೂಯಿಸ್ ಅವರ 1961ರ ಗ್ರಂಥ ಉತ್ತರ ಸೊಮಾಲಿಯಾದ ಪಶುಪಾಲಕರನ್ನು ಕುರಿತದ್ದು. ನದಿ ಬೇಸಾಯವೂ ಬೆರೆತ ಗೆಡೊ ಪ್ರಾಂತ್ಯಕ್ಕೆ ಅದನ್ನು ಹಾಗೇ ಹೊಂದಿಸಲಾಗದು. ಗುಂಟರ್ ಶ್ಲೀ 1989ರಲ್ಲಿ ಉತ್ತರ ಕೀನ್ಯಾದ ಕುಲಗಳ ನಂಟು ಬುಡಕಟ್ಟಿನ ಗಡಿಗಳನ್ನೂ ದಾಟಿರುವುದನ್ನು ತೋರಿಸಿದರು. ದೆರೆಜೆ ಫೆಯಿಸ್ಸಾ ಮತ್ತು ಮಾರ್ಕುಸ್ ಹೋನೆ ಸಂಪಾದಿಸಿದ 2010ರ ಸಂಪುಟ, ಗಡಿ ಅಲ್ಲಿನ ಜನರಿಗೆ ಅಡ್ಡಿಯಷ್ಟೇ ಅಲ್ಲದೆ ಬಳಸಿಕೊಳ್ಳಬಹುದಾದ ಸಂಪನ್ಮೂಲವೂ ಹೌದು ಎಂದು ವಾದಿಸಿತು. ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಬರಹ ಕೆರೆನ್ ವೈಟ್ಸ್‌ಬರ್ಗ್ ಅವರ 2015ರ ಲೇಖನ. ಕೀನ್ಯಾದ ಸೊಮಾಲಿಗಳ ಎಣಿಕೆಯ ಕಗ್ಗಂಟಿಗೆ ಅವರು ಬೇರು ಹುಡುಕುವುದು ವಸಾಹತು ಆಡಳಿತದಲ್ಲಿ: ಅಲೆಮಾರಿ ಜನರನ್ನು ಎಣಿಸಲು ಬ್ರಿಟಿಷರಿಗೆ ಎಂದೂ ಸಾಧ್ಯವಾಗಲಿಲ್ಲ, ಆ ಸೋಲು ಇಂದಿಗೂ ಮುಂದುವರಿದಿದೆ. ಈ ಮಾತಿನ ಮೊದಲರ್ಧವನ್ನು ಒಪ್ಪುತ್ತೇನೆ. ಆದರೆ ಹಳೆಯ ಸೋಲಷ್ಟೇ ಮುಂದುವರಿದಿದ್ದರೆ ಸಂಖ್ಯೆ ಸದಾ ಕಡಿಮೆಯೇ ಬರಬೇಕಿತ್ತು. 2009ರಲ್ಲಿ ಅದು ದಿಕ್ಕು ಬದಲಿಸಿ ಮೇಲಕ್ಕೆ ಹಾರಿತು. ಆ ತಿರುವಿಗೆ ವಸಾಹತು ಕಾಲದಿಂದ ಉತ್ತರ ಸಿಗುವುದಿಲ್ಲ.

ಮೊದಲು ವಲಸೆಯ ವಾದ. ಸಂಯುಕ್ತ ರಾಷ್ಟ್ರಸಂಘದ ಅಭಿವೃದ್ಧಿ ಕಾರ್ಯಕ್ರಮ 2005ರಲ್ಲಿ ಸೊಮಾಲಿಯಾದ ಜಿಲ್ಲಾವಾರು ಅಂದಾಜು ಸಿದ್ಧಪಡಿಸಿತು. ಅದರಂತೆ ಬೆಲೆದ್ ಹಾವೊ ಜಿಲ್ಲೆಯ ಜನ 55,989. ಪಕ್ಕದ ದೊಲೊ ಜಿಲ್ಲೆಯಲ್ಲಿ 26,495, ಲೂಕ್‌ನಲ್ಲಿ 62,703. ಗೆಡೊ ಪ್ರಾಂತ್ಯದ ಆರೂ ಜಿಲ್ಲೆ ಕೂಡಿದರೆ 3,28,378. ಈಗ ಮಂಡೇರಾ 1999ರ ನಂತರ ವರ್ಷಕ್ಕೆ ಶೇ. 4ರಂತೆ ಬೆಳೆಯಿತೆಂದು ಇಟ್ಟುಕೊಳ್ಳೋಣ. ಹೆಣ್ಣೊಬ್ಬಳಿಗೆ ಸರಾಸರಿ ಏಳು ಮಕ್ಕಳೆಂದು 2003ರ ಸಮೀಕ್ಷೆ ತೋರಿಸಿದ ಈಶಾನ್ಯ ಪ್ರಾಂತ್ಯಕ್ಕೂ ಇದು ಉದಾರವಾದ ದರವೇ. ಆದರೂ 2009ಕ್ಕೆ ಸಿಗುವುದು ಸುಮಾರು 3,70,600. ಗಣತಿಯ ಸಂಖ್ಯೆಯಲ್ಲಿ ಇದನ್ನು ಕಳೆದರೆ ಸುಮಾರು 6,55,000 ಜನ ಹೆಚ್ಚುವರಿಯಾಗಿ ಉಳಿಯುತ್ತಾರೆ. ಬೆಲೆದ್ ಹಾವೊ ಜಿಲ್ಲೆಯ ಇಡೀ ಜನಸಂಖ್ಯೆಯ ಹನ್ನೊಂದು ಪಟ್ಟಿಗೂ ಹೆಚ್ಚು. ಗೆಡೊ ಪ್ರಾಂತ್ಯದ ಸರಿಸುಮಾರು ಎರಡು ಪಟ್ಟು. ಪ್ರಾಂತ್ಯಕ್ಕೆ ಪ್ರಾಂತ್ಯವೇ ಖಾಲಿಯಾಗಿ ಮಂಡೇರಾ ಸೇರಿದ್ದರೂ ಅರ್ಧದಷ್ಟೇ ಲೆಕ್ಕ ಹೊಂದುತ್ತಿತ್ತು. ಗೆಡೊ ಖಾಲಿಯಾಗಿರಲೂ ಇಲ್ಲ. ಸಂಯುಕ್ತ ರಾಷ್ಟ್ರಸಂಘದ ಜನಸಂಖ್ಯಾ ನಿಧಿಯ ನೆರವಿನಿಂದ ನಡೆದ 2014ರ ಸಮೀಕ್ಷೆ ಅಲ್ಲಿ ಸುಮಾರು 5,08,000 ಜನರಿದ್ದಾರೆ ಎಂದಿತು.

ಇದಕ್ಕೆ ಎರಡು ಆಕ್ಷೇಪ ಬರಬಹುದು. 2005ರದು ಕರಡು ಅಂದಾಜು, ಗಣತಿಯಲ್ಲ ಎಂಬುದು ಮೊದಲನೆಯದು. ನಿಜ. ಆದರೆ ಅದು ಅರ್ಧಕ್ಕರ್ಧ ತಪ್ಪಾಗಿದ್ದರೂ, ಗೆಡೊ ಜನಸಂಖ್ಯೆಯನ್ನು ಇಮ್ಮಡಿ ಮಾಡಿದರೂ, ಅಷ್ಟೂ ಜನ ಗಡಿ ದಾಟಿದ್ದರೆ ಮಾತ್ರ ವಲಸೆಯ ವಾದ ಉಳಿಯುತ್ತದೆ. ಬಂದವರು ಗೆಡೊ ಒಂದರಿಂದಲೇ ಅಲ್ಲ, ಬಾಯ್, ಬಕೂಲ್, ಮೊಗದಿಶುಗಳಿಂದಲೂ ಇರಬಹುದಲ್ಲ ಎಂಬುದು ಎರಡನೆಯ ಆಕ್ಷೇಪ. ಇದು ಹೆಚ್ಚು ತೂಕದ್ದು. ಆದರೆ ದಕ್ಷಿಣ ಸೊಮಾಲಿಯಾದಿಂದ ಹೊರಟ ನಿರಾಶ್ರಿತರ ದೊಡ್ಡ ಪ್ರವಾಹ ಸೇರಿದ್ದು ಗರಿಸ್ಸಾ ಸೀಮೆಯ ದಾದಾಬ್ ಶಿಬಿರಗಳನ್ನು, 2009ರಿಂದ ಇಥಿಯೋಪಿಯದ ದೊಲೊ ಅಡೊ ಸುತ್ತಲಿನ ಶಿಬಿರಗಳನ್ನು. ನೋಂದಣಿಯಾಗದೆ ಮಂಡೇರಾದಲ್ಲೇ ನಿಂತವರು ಇಲ್ಲವೆಂದು ಹೇಳಲಾಗದು. ಹಲವು ಸಾವಿರ ಇರಬಹುದು. ಆರೂವರೆ ಲಕ್ಷವನ್ನು ಅವರಿಂದ ತುಂಬಿಸುವುದು ಅಸಾಧ್ಯ.

ಹಾಗಾದರೆ ಲೆಕ್ಕ ಸುಳ್ಳೇ? ಕೀನ್ಯಾ ಸರ್ಕಾರ ಹಾಗೆಂದೇ ತೀರ್ಮಾನಿಸಿತು. 2010ರ ಆಗಸ್ಟ್‌ನಲ್ಲಿ ಸಚಿವ ವೈಕ್ಲಿಫ್ ಒಪರಾನ್ಯ ಎಂಟು ಜಿಲ್ಲೆಗಳ ಫಲಿತಾಂಶವನ್ನು ರದ್ದು ಮಾಡಿದರು. ಆಗಿನ ಮಂಡೇರಾ ಪೂರ್ವ, ಮಧ್ಯ, ಪಶ್ಚಿಮ ಮೂರೂ ಅದರಲ್ಲಿದ್ದವು. ಬೆಳವಣಿಗೆಯ ದರಕ್ಕೆ ಜನನ-ಮರಣಗಳ ಆಧಾರವಿಲ್ಲ, ವಯಸ್ಸು ಮತ್ತು ಲಿಂಗದ ಹಂಚಿಕೆ ಅಸಹಜ ಎಂಬವು ಕೊಟ್ಟ ಕಾರಣಗಳು. ವಿವಾದ ನ್ಯಾಯಾಲಯಕ್ಕೆ ಹೋಯಿತು, ಕೊನೆಗೆ ಬಳಕೆಯಲ್ಲಿ ಉಳಿದದ್ದು 10,25,756 ಎಂಬ ಸಂಖ್ಯೆಯೇ. ಸರ್ಕಾರದ ಕಾರಣಗಳನ್ನು ತಳ್ಳಿಹಾಕಲು ನನಗೆ ಆಧಾರವಿಲ್ಲ. ಆದರೆ ಅವು ಒಂದು ಸಂಗತಿಯನ್ನು ಪರೀಕ್ಷೆಯಿಲ್ಲದೆ ಒಪ್ಪಿಕೊಳ್ಳುತ್ತವೆ: 1999ರ ಸಂಖ್ಯೆ ಸರಿಯಾಗಿತ್ತು ಎಂಬುದನ್ನು.

ಆ ನಂಬಿಕೆಯೇ ದುರ್ಬಲ. ಮಂಡೇರಾ ಒಳಗೊಂಡ ಈಶಾನ್ಯ ಪ್ರಾಂತ್ಯದ ಜನಸಂಖ್ಯೆ 1979ರಲ್ಲಿ 3,73,787, 1989ರಲ್ಲಿ 3,71,391. ಇಷ್ಟು ಹೆರಿಗೆಯಿರುವ ನಾಡಿನಲ್ಲಿ ಹತ್ತು ವರ್ಷ ಕಳೆದ ಮೇಲೆ ಜನ ಕಡಿಮೆಯಾದರು ಎಂದರೆ ಎಣಿಸಲು ಬಂದವರಿಗೆ ಜನ ಸಿಗಲಿಲ್ಲ ಎಂದೇ ಅರ್ಥ. ಆ ದಶಕ ಎಂಥದು ಎಂಬುದನ್ನೂ ನೆನೆಯಬೇಕು. 1984ರ ಫೆಬ್ರವರಿಯಲ್ಲಿ ವಜೀರ್ ಬಳಿಯ ವಗಲ್ಲಾ ವಿಮಾನಪಟ್ಟಿಯಲ್ಲಿ ಕೀನ್ಯಾದ ಭದ್ರತಾ ಪಡೆಗಳು ದೆಗೊದಿಯಾ ಕುಲದ ಗಂಡಸರನ್ನು ಕೂಡಿಹಾಕಿ ಕೊಂದವು. 1989ರ ಕೊನೆಯಲ್ಲಿ ಸೊಮಾಲಿ ಪೌರರನ್ನು ಮಾತ್ರ ಬೇರೆಯಾಗಿ ತಪಾಸಣೆ ಮಾಡಿ ವಿಶೇಷ ಗುರುತುಚೀಟಿ ಕೊಡುವ ಕ್ರಮ ಶುರುವಾಯಿತು. ಸರ್ಕಾರದ ಪುಸ್ತಕದಲ್ಲಿ ಹೆಸರು ಬರೆಸುವುದು ಅಪಾಯವೆಂದು ಕಂಡ ಕಾಲ ಅದು. 1999ಕ್ಕೆ ಆ ಭಯ ಪೂರ್ತಿ ಕರಗಿತ್ತೆಂದು ನಂಬಲು ಕಾರಣವಿಲ್ಲ.

2009ರ ಹೊತ್ತಿಗೆ ಪರಿಸ್ಥಿತಿ ತಲೆಕೆಳಗಾಗಿತ್ತು. 2003ರಿಂದ ಕ್ಷೇತ್ರಾಭಿವೃದ್ಧಿ ನಿಧಿ ಹರಿಯತೊಡಗಿತ್ತು. ಹೊಸ ಸಂವಿಧಾನದ ಚರ್ಚೆಯಲ್ಲಿ ಕ್ಷೇತ್ರಗಳ ಸಂಖ್ಯೆ, ಸಂಪನ್ಮೂಲದ ಪಾಲು ಎರಡೂ ಜನಸಂಖ್ಯೆಗೆ ಗಂಟುಬಿದ್ದವು. ಗರ್ರೆ, ಮುರುಲೆ, ದೆಗೊದಿಯಾ ಕುಲಗಳು ಕ್ಷೇತ್ರಗಳಿಗಾಗಿ ಪೈಪೋಟಿ ನಡೆಸುವ ಮಂಡೇರಾದಲ್ಲಿ ಪ್ರತಿಯೊಂದು ಮನೆಯ ಪಟ್ಟಿಯೂ ಮತದ ಮಾತಾಯಿತು. ಹಿಂದೆ ಎಣಿಕೆಗೆ ಸಿಕ್ಕರೆ ನಷ್ಟ. ಈಗ ಸಿಗದಿದ್ದರೆ ನಷ್ಟ.

ಇನ್ನು ಲೇಖನದ ಅತಿ ಧೈರ್ಯದ ಮಾತಿಗೆ ಬರುತ್ತೇನೆ. 2019ರ ಗಣತಿ ಮಂಡೇರಾಕ್ಕೆ 8,67,457 ಜನರನ್ನು ಕೊಟ್ಟಿತು. ಇದನ್ನು ಶೇ. 4ರ ದರದಲ್ಲಿ ಹಿಂದಕ್ಕೆ ಎಳೆದರೆ 2009ಕ್ಕೆ ಸುಮಾರು 5,86,000, 1999ಕ್ಕೆ ಸುಮಾರು 3,96,000 ಸಿಗುತ್ತದೆ. ಅಂದರೆ 1999ರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಬಿಟ್ಟುಹೋಗಿರಬಹುದು. 2009ರಲ್ಲಿ ಸುಮಾರು 4,40,000 ಹೆಚ್ಚಾಗಿ ಸೇರಿರಬಹುದು. ಎರಡು ಎದುರುಬದುರು ತಪ್ಪುಗಳು ಒಂದೇ ದಶಕದ ಎರಡು ತುದಿಯಲ್ಲಿ ಕೂತು ನಾಲ್ಕು ಪಟ್ಟಿನ ಏರಿಕೆಯನ್ನು ಉಂಟುಮಾಡಿದವು ಎಂಬುದು ನನ್ನ ಊಹೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. 2019ರ ಸಂಖ್ಯೆಯೂ ಪ್ರಶ್ನಾತೀತವಲ್ಲ, ಅದೂ ನ್ಯಾಯಾಲಯದ ಮೆಟ್ಟಿಲೇರಿದೆ. ದರವನ್ನು ಶೇ. 3ಕ್ಕೆ ಇಳಿಸಿದರೆ 1999ರಲ್ಲಿ ಬಿಟ್ಟುಹೋದವರ ಪಾಲು ಹೆಚ್ಚುತ್ತದೆ, 2009ರ ಉಬ್ಬರ ಕುಗ್ಗುತ್ತದೆ. ಎರಡು ದಶಕ ಒಂದೇ ದರ ನಡೆಯಿತೆಂಬುದೂ ಅನುಕೂಲಕ್ಕೆ ಮಾಡಿಕೊಂಡದ್ದು. ತಪ್ಪುಗಳ ಪ್ರಮಾಣವನ್ನು ನಾನು ಒತ್ತಿಹೇಳುತ್ತಿಲ್ಲ. ಅವು ಎರಡಿದ್ದವು, ಎದುರುಬದುರಾಗಿದ್ದವು ಎಂಬುದನ್ನಷ್ಟೇ ಒತ್ತಿಹೇಳುತ್ತಿದ್ದೇನೆ.

ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ, ಅದು ಮೂರೂ ದೇಶಗಳದ್ದು. ಈ ಸೀಮೆಯಲ್ಲಿ ಮನೆತನವೊಂದು ಒಂದೇ ಕಡೆ ಇರಬೇಕೆಂದಿಲ್ಲ: ಅಣ್ಣ ಒಂಟೆಗಳ ಜೊತೆ ಎಲ್ ವಾಕ್ ಕಡೆ, ತಮ್ಮ ಬೆಲೆದ್ ಹಾವೊ ಪೇಟೆಯ ಅಂಗಡಿಯಲ್ಲಿ, ಮಕ್ಕಳು ಮಂಡೇರಾದ ಶಾಲೆಯಲ್ಲಿ. ಕೀನ್ಯಾ ಎಣಿಸುವುದು ಆಗಸ್ಟ್ 24ರ ರಾತ್ರಿ ಯಾರು ಎಲ್ಲಿ ಮಲಗಿದ್ದರು ಎಂಬುದನ್ನು. 1999 ಮತ್ತು 2009ರ ದಿನ ಒಂದೇ ಆದ್ದರಿಂದ ಋತುಭೇದದಿಂದ ಏರಿಕೆಯನ್ನು ವಿವರಿಸಲಾಗದು; ಆದರೆ 2009 ಬರಗಾಲದ ವರ್ಷವಾಗಿತ್ತು, ಹಾಗಾಗಿ ಆ ರಾತ್ರಿ ಜನ ಎಂದಿನ ಜಾಗದಲ್ಲೇ ಇದ್ದರೆಂದು ಹೇಳಲಾಗದು. ಸೊಮಾಲಿಯಾದ 2014ರ ಸಮೀಕ್ಷೆಯ ಕ್ಷೇತ್ರಕಾರ್ಯ 2013ರ ಅಕ್ಟೋಬರ್‌ನಿಂದ 2014ರ ಮಾರ್ಚ್‌ವರೆಗೆ ನಡೆಯಿತು, ಅಲೆಮಾರಿಗಳನ್ನು ಎಣಿಸಿದ್ದು ನೀರಿನ ತಾಣಗಳಲ್ಲಿ. ಜಿಲಾಲ್‌ನಲ್ಲಿ ಬಾವಿಯ ಬಳಿ ಸೇರುವ ಮಂದೆಗಳಲ್ಲಿ ಕೀನ್ಯಾದವೂ ಇರಬಹುದು. ಇಥಿಯೋಪಿಯ ತನ್ನ ಸೊಮಾಲಿ ಪ್ರಾಂತ್ಯವನ್ನು ಕೊನೆಯ ಸಲ ಎಣಿಸಿದ್ದು 2007ರ ನವೆಂಬರ್‌ನಲ್ಲಿ, ದೆಯ್ರ್ ಮಳೆಯ ದಿನಗಳಲ್ಲಿ. ಒಬ್ಬನೇ ಕುರುಬ ಎರಡು ದೇಶಗಳ ಲೆಕ್ಕಕ್ಕೆ ಬರಬಹುದು, ಮೂರರಲ್ಲೂ ತಪ್ಪಿಸಿಕೊಳ್ಳಲೂಬಹುದು. ಹಾಗಾಗಿ ಒಂದು ದೇಶದ ಹೆಚ್ಚಳವನ್ನು ಇನ್ನೊಂದರ ಇಳಿಕೆಯೊಡನೆ ತಾಳೆ ನೋಡುವ ವಿಧಾನ ಇಲ್ಲಿ ಸ್ಥೂಲ ಮಿತಿಗಳನ್ನು ತೋರಿಸಬಲ್ಲದು, ಮೇಲೆ ನಾನು ಬಳಸಿದ್ದೂ ಅಷ್ಟಕ್ಕೇ.

ಬೆಲೆದ್ ಹಾವೊ ಜಿಲ್ಲೆಯಲ್ಲಿ ನಿಜಕ್ಕೂ ಎಷ್ಟು ಜನರಿದ್ದಾರೆ ಎಂಬ ಪ್ರಶ್ನೆ ತೆರೆದೇ ಇದೆ. ಗಲ್ತಿ, ಗುರಿಗಳ ಪ್ರಮಾಣ, ನದಿಯಂಚಿನ ಬೇಸಾಯಗಾರರ ಸಂಖ್ಯೆ, 2021ರಲ್ಲಿ ಹೋದವರಲ್ಲಿ ಮರಳಿದವರೆಷ್ಟು ಎಂಬುದು ಜಿಲ್ಲಾಮಟ್ಟದ ಸಮೀಕ್ಷೆಯಿಲ್ಲದೆ ತೀರ್ಮಾನವಾಗುವುದಿಲ್ಲ. ಬರದ ನೆರವು, ಲಸಿಕೆ, ಶಾಲೆ ಎಲ್ಲವನ್ನೂ ಹಂಚುವುದು ಈ ಅಂಕಿಗಳ ಮೇಲೆ. ಮಂಡೇರಾ, ಬೆಲೆದ್ ಹಾವೊ, ಸುಫ್ತು ಮೂರನ್ನೂ ಒಂದೇ ಋತುವಿನಲ್ಲಿ, ಒಂದೇ ಪ್ರಶ್ನಾವಳಿಯಿಂದ ಎಣಿಸುವ ಕೆಲಸವನ್ನು ಮೂರು ದೇಶಗಳ ಅಂಕಿಅಂಶ ಇಲಾಖೆಗಳು ಕೂಡಿ ಕೈಗೆತ್ತಿಕೊಳ್ಳಬೇಕು.