ಎಪ್ಪತ್ತೆರಡು ಸೆಕೆಂಡು

ಏಲಿಯನ್ ಅಂದ್ರೆ ಬಹಳ ಜನಕ್ಕೆ ದೊಡ್ಡ ತಲೆ, ಕರೀ ಕಣ್ಣು ನೆನಪಾಗುತ್ತೆ. ನನಗೆ ನೆನಪಾಗೋದು ಒಂದು ಪ್ರಿಂಟೌಟ್.

1977ರ ಆಗಸ್ಟ್ 15ರ ರಾತ್ರಿ. ನಮ್ಮಲ್ಲಿ ಆಗಲೇ 16ರ ಬೆಳಗ್ಗೆ. ಅಮೆರಿಕದ ಒಹಾಯೋದಲ್ಲಿ 'ಬಿಗ್ ಇಯರ್' ಎಂಬ ರೇಡಿಯೋ ದೂರದರ್ಶಕ ಆಕಾಶಕ್ಕೆ ಕಿವಿಗೊಟ್ಟು ಕೂತಿತ್ತು. ಬಂದದ್ದನ್ನು ಲೆಕ್ಕಹಾಕಿ ಪ್ರಿಂಟ್ ಮಾಡೋದು ಐಬಿಎಂ 1130 ಕಂಪ್ಯೂಟರಿನ ಕೆಲಸ. ಕೆಲವು ದಿನಗಳ ನಂತರ ಆ ಕಾಗದದ ಕಟ್ಟು ತಿರುವಿಹಾಕುತ್ತಿದ್ದ ಜೆರ್ರಿ ಎಮನ್ ಕಣ್ಣಿಗೆ '6ಇಕ್ಯೂಯುಜೆ5' ಬಿತ್ತು. ಕೆಂಪು ಪೆನ್ನಿನಲ್ಲಿ ಸುತ್ತುಹಾಕಿ ಪಕ್ಕದಲ್ಲಿ 'ವಾವ್!' ಅಂತ ಗೀಚಿದರು. ಅಂದಹಾಗೆ, ಎಮನ್‌ಗೆ ಇದಕ್ಕೆ ಸಂಬಳ ಇರಲಿಲ್ಲ. 1972ರಲ್ಲಿ ಸರ್ಕಾರಿ ಅನುದಾನ ನಿಂತಮೇಲೆ ಸ್ವಯಂಸೇವಕರಾಗಿ ದುಡಿಯುತ್ತಿದ್ದರು.

ಅದು ಗುಪ್ತಸಂದೇಶ ಏನಲ್ಲ. ಒಂದೊಂದು ಅಕ್ಷರವೂ 12 ಸೆಕೆಂಡಿನ ಸಿಗ್ನಲ್ ಎಷ್ಟು ಜೋರಾಗಿತ್ತು ಅಂತ ಹೇಳುತ್ತೆ. ಜಾಗ ಉಳಿಸೋಕೆ 9 ಆದಮೇಲೆ ಎ, ಬಿ, ಸಿ. ನಾವು ಹೆಕ್ಸಾಡೆಸಿಮಲ್‌ನಲ್ಲಿ ಮಾಡೋ ಥರಾನೇ. ಯು ಅಂದ್ರೆ ಹಿನ್ನೆಲೆಯ ಗದ್ದಲಕ್ಕಿಂತ 30 ಪಟ್ಟು ಜೋರು. ಒಟ್ಟು 72 ಸೆಕೆಂಡು. ಭೂಮಿ ತಿರುಗುವಾಗ ಆಕಾಶದ ಒಂದು ಬಿಂದು ಆ ದೂರದರ್ಶಕದ ದೃಷ್ಟಿ ದಾಟೋಕೆ ಬೇಕಾದಷ್ಟೇ ಹೊತ್ತು! ಆವರ್ತನ ಬೇರೆ 1420 ಮೆಗಾಹರ್ಟ್ಸ್ ಹತ್ತಿರ. ಅದು ಜಲಜನಕದ್ದು, ಬುದ್ಧಿವಂತರು ಕೂಗಿದರೆ ಅಲ್ಲೇ ಕೂಗಬಹುದು ಅಂತ ಕೊಕೋನಿ ಮತ್ತು ಮಾರಿಸನ್ 1959ರಲ್ಲೇ ಬರೆದಿದ್ದರು.

ಆದರೆ ಬಿಗ್ ಇಯರ್‌ಗೆ ಎರಡು ಹಾರ್ನ್‌ಗಳಿದ್ದವು. ಒಂದರಲ್ಲಿ ಕೇಳಿದ್ದು ಸುಮಾರು ಮೂರು ನಿಮಿಷದ ಅಂತರದಲ್ಲಿ ಇನ್ನೊಂದರಲ್ಲೂ ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದ್ದು ಯಾವ ಹಾರ್ನ್‌ನಲ್ಲಿ ಅನ್ನೋದೂ ಗೊತ್ತಿಲ್ಲ, ಯಾಕಂದ್ರೆ ಪ್ರೋಗ್ರಾಮ್ ಎರಡನ್ನೂ ಸೇರಿಸಿಯೇ ಲೆಕ್ಕಹಾಕುತ್ತಿತ್ತು. ಸಾಫ್ಟ್‌ವೇರ್ ಬರೆಯೋ ನನಗೆ ಇದನ್ನ ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಮನುಕುಲದ ಅತಿ ಮುಖ್ಯ ಲಾಗ್ ಆಗಿರಬಹುದಾದದ್ದು, ಅದರಲ್ಲಿ ಒಂದು ಕಾಲಂ ಇಲ್ಲ! ಹಾಗಾಗಿ ಧನು ರಾಶಿಯಲ್ಲಿ ಹುಡುಕಬೇಕಾದ ಜಾಗ ಒಂದಲ್ಲ, ಎರಡು.

ಎರಡನ್ನೂ ಹುಡುಕಿದವರು ಷಿಕಾಗೋದ ರಾಬರ್ಟ್ ಗ್ರೇ. ವೃತ್ತಿಯಲ್ಲಿ ಡೇಟಾ ಅನಲಿಸ್ಟ್, ಖಗೋಳ ವಿಜ್ಞಾನಿಯಲ್ಲ. ಮೊದಲು ಸ್ವಂತ ಡಿಶ್ ಹಾಕಿ ಕೇಳಿದರು. ಆಮೇಲೆ ಹಠ ಬಿಡದೆ, 1995–96ರಲ್ಲಿ ನ್ಯೂ ಮೆಕ್ಸಿಕೋದ ವಿಎಲ್‌ಎಯ 27 ಆಂಟೆನಾಗಳನ್ನೇ ಅತ್ತ ತಿರುಗಿಸಿದರು. ಮತ್ತೆ ಕೇಳಲಿಲ್ಲ. 1998ರಲ್ಲಿ ಬಿಗ್ ಇಯರನ್ನೇ ಕೆಡವಿ ಗಾಲ್ಫ್ ಮೈದಾನಕ್ಕೆ ಜಾಗ ಮಾಡಿಕೊಂಡರು. ಗ್ರೇ ಮಾತ್ರ 2021ರಲ್ಲಿ ತೀರಿಕೊಳ್ಳೋವರೆಗೂ ಆ ಸಿಗ್ನಲ್‌ನ ಬೆನ್ನು ಬಿಡಲಿಲ್ಲ.